ಮಣಿ ಮತ್ತು ಕಚ್ಚು: ಹಳೆಯ ಬೇಟೆಯ ರೈಫಲು



ಬೇಟೆಯೆಂಬುದು ನಮ್ಮ ದೇಶದಲ್ಲಿ ಮುಗಿದ ಅಧ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಾಡಿನ ಮೃಗಗಳ ಮೇಲೆ ವಿನೋದಕ್ಕಾಗಿ ಗುಂಡು ಹಾರಿಸುವುದು ಅಪರಾಧವೆಂದೇ ಎಣಿಕೆಯಾಗಿದೆ. ಅದು ಹಾಗೆಯೇ ಇರತಕ್ಕದ್ದು. ಹೀಗಿರಲು ಹಳೆಯ ಬೇಟೆಯ ರೈಫಲಿನ ವಿಷಯವನ್ನು ಈಗ ಏಕೆ ಎತ್ತಬೇಕು ಎಂದು ತಾವು ಕೇಳಬಹುದು. ಆ ರೈಫಲಿನ ನಳಿಗೆಯ ಮೇಲೆ ಕೂರಿಸಿದ್ದ ಎರಡು ಸಣ್ಣ ಲೋಹದ ತುಣುಕುಗಳಿಗೂ, ಹಿಮಾಲಯದ ತಪ್ಪಲಿನ ಹಳ್ಳಿಗಳಲ್ಲಿ ಸೌದೆ ತರಲು ಹೋಗಿ ಮನೆಗೆ ಹಿಂದಿರುಗದೆ ಹೋದ ಹೆಂಗಸರಿಗೂ ಒಂದು ಸಂಬಂಧವುಂಟು. ಆ ಸಂಬಂಧವನ್ನು ತಿಳಿಯಬೇಕಾದರೆ ಮೊದಲು ಯಂತ್ರವನ್ನೂ ಆಮೇಲೆ ಕಣ್ಣನ್ನೂ ಅರಿಯಬೇಕು. ಆ ಕ್ರಮದಲ್ಲಿಯೇ ವಿಷಯವನ್ನು ತಮ್ಮ ಮುಂದಿಡುತ್ತೇನೆ.

ಸಾಮಾನ್ಯ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ರೈಫಲಿನ ನಳಿಗೆಯಲ್ಲಾದರೋ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಈ ತೋಡುಗಳನ್ನು ಕಚ್ಚಿಕೊಂಡು ಹೊರಡುವುದರಿಂದ ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತದೆ. ತಿರುಗುವ ಬುಗುರಿ ಬೀಳದಿರುವಂತೆಯೇ ತಿರುಗುವ ಗುಂಡು ದಾರಿಯಲ್ಲಿ ಹೊರಳಾಡುವುದಿಲ್ಲ. ಈ ತತ್ತ್ವವು ಬಹಳ ಹಳೆಯದು. ಆದರೆ ಅದರ ಪೂರ್ಣ ಪ್ರಯೋಜನ ದೊರೆಯುವುದಕ್ಕೆ ಇನ್ನೆರಡು ಸಂಗತಿಗಳು ಕೂಡಿಬರಬೇಕಾಯಿತು.

ಮೊದಲನೆಯದು ಮದ್ದು. ಹಿಂದಿನ ಕರಿಮದ್ದು ಸುಟ್ಟೊಡನೆ ದಟ್ಟವಾದ ಹೊಗೆಯೆದ್ದು ಬೇಟೆಗಾರನ ಕಣ್ಣಿಗೆ ಪರದೆ ಕಟ್ಟುತ್ತಿತ್ತು. ಹಾರಿಸಿದವನಿಗೆ ತನ್ನ ಗುಂಡು ಏನು ಮಾಡಿತೆಂಬುದೇ ಕಾಣಿಸುತ್ತಿರಲಿಲ್ಲ. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವ್ಯೇಯ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಇದು ಕರಿಮದ್ದಿಗಿಂತ ಎಷ್ಟೋ ಪಾಲು ಬಲವಾದುದು. ಇದರ ಸಹಾಯದಿಂದ ಗುಂಡು ಸಣ್ಣದಾಯಿತು, ವೇಗ ಹೆಚ್ಚಿತು, ದಾರಿ ನೇರವಾಯಿತು.

ಎರಡನೆಯದು ಬೋಲ್ಟು. ಬೋಲ್ಟೆಂದರೆ ಮತ್ತೇನೂ ಅಲ್ಲ, ನಮ್ಮ ಮನೆಯ ಬಾಗಿಲಿನ ಚಿಲಕದ ಹಾಗೆ ಮುಂದಕ್ಕೆ ತಳ್ಳಿ ಕೆಳಕ್ಕೆ ಮಡಿಸುವ ಒಂದು ಉಕ್ಕಿನ ಸಲಾಕೆ. ಜರ್ಮನಿಯ ಡ್ರೈಸೆ ಎಂಬ ಶಿಲ್ಪಿ ಮಾಡಿದ ಬೋಲ್ಟಿನ ಬಂದೂಕನ್ನು ಪ್ರಷ್ಯದ ಸೇನೆ 1841ರಲ್ಲಿ ಅಂಗೀಕರಿಸಿತು. ಅನಂತರದ ಐದಾರು ದಶಕಗಳಲ್ಲಿ ಅನೇಕರು ಇದನ್ನು ತಿದ್ದಿದರು. ಅವರಲ್ಲಿ ಅಗ್ರಗಣ್ಯನು ವುರ್ಟೆಂಬರ್ಗ್ ಸೀಮೆಯ ಓಬರ್ನ್‌ಡಾರ್ಫ್ ಊರಿನ ಪಾಲ್ ಮೌಸರ್. 1898ರಲ್ಲಿ ಹೊರಬಿದ್ದ ಅವನ ರೈಫಲಿನ ರಚನೆಯನ್ನು ಇಂದಿಗೂ ಬೇಟೆಯ ರೈಫಲು ಮಾಡುವವರು ಅನುಸರಿಸುತ್ತಿದ್ದಾರೆಂದರೆ ಅದರ ಗುಣ ಎಂಥದೆಂದು ಊಹಿಸಬಹುದು.

ಈ ಮೌಸರ್ ಬೋಲ್ಟು ಕೆಲಸ ಮಾಡುವ ಬಗೆ ಹೀಗೆ. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾದ ಚಿಪ್ಪು ಹೊರಕ್ಕೆ ಹಾರಿಬೀಳುತ್ತದೆ. ಕೆಳಗಿನ ಗೂಡಿನಲ್ಲಿ ಎಡಬಲವಾಗಿ ಜೋಡಿಸಿಟ್ಟ ಐದು ತೋಟಾಗಳಲ್ಲಿ ಮೇಲಿನದು ತಲೆಯೆತ್ತುತ್ತದೆ. ಹಿಡಿಯನ್ನು ಮುಂದಕ್ಕೆ ತಳ್ಳಿದಾಗ ಉದ್ದನೆಯ ಉಕ್ಕಿನ ಕೊಕ್ಕೆಯೊಂದು ಆ ತೋಟಾದ ಅಂಚನ್ನು ಆಗಲೇ ಹಿಡಿದುಕೊಂಡು ನಳಿಗೆಯೊಳಕ್ಕೆ ಸೇರಿಸುತ್ತದೆ. ಕೈ ಅರ್ಧದಲ್ಲಿ ತಡೆದರೂ, ಬಂದೂಕು ತಲೆಕೆಳಗಾಗಿದ್ದರೂ ಆ ತೋಟಾ ಜಾರಿಬೀಳುವುದಿಲ್ಲ. ಕಡೆಗೆ ಹಿಡಿಯನ್ನು ಕೆಳಕ್ಕೆ ಮಡಿಸಿದಾಗ ಬೋಲ್ಟಿನ ಮುಂತುದಿಯ ಎರಡು ದಪ್ಪ ಕಿವಿಗಳು ತಿರುಗಿ ತಮ್ಮ ಗಾಡಿಗಳಲ್ಲಿ ಭದ್ರವಾಗಿ ಕೂರುತ್ತವೆ. ಅವು ಮುರಿದರೂ ಹಾರಿಸುವವನ ಮುಖ ಉಳಿಯಲೆಂದು ಹಿಂಬದಿಯಲ್ಲಿ ಮೂರನೆಯ ಕಿವಿಯೊಂದುಂಟು. ಸಿಡಿದ ತೋಟಾದ ಅನಿಲ ಹಿಮ್ಮುಖವಾಗಿ ನುಗ್ಗದೆ ಹೊರಹೋಗಲು ರಂಧ್ರಗಳೂ ಉಂಟು. ಸೈನಿಕನಿಗಾಗಿ ಯೋಚಿಸಿದ ಈ ಭದ್ರತೆಯೇ ಬೇಟೆಗಾರನಿಗೂ ಬೇಕಾದುದಾಗಿತ್ತು.

ಅದುವರೆಗೆ ದೊಡ್ಡ ಬೇಟೆಗೆ ಎರಡು ನಳಿಗೆಯ ರೈಫಲೇ ರಾಜಾಯುಧ. ಅದರಲ್ಲಿ ಎರಡು ಗುಂಡುಗಳನ್ನು ಕ್ಷಣಾರ್ಧದಲ್ಲಿ ಹಾರಿಸಬಹುದು. ಆದರೆ ಎರಡೂ ನಳಿಗೆಗಳು ಒಂದೇ ಕಡೆಗೆ ಹೊಡೆಯುವಂತೆ ಕೈಯಿಂದ ತಿದ್ದಿ ಕೂಡಿಸುವ ಕೆಲಸ ಬಹಳ ನಾಜೂಕಾದುದು, ಆದಕಾರಣ ಬೆಲೆಯೂ ಬಹಳ. ಒಂದು ನಳಿಗೆಯ ಬೋಲ್ಟ್ ರೈಫಲು ಅಷ್ಟು ಖರ್ಚಿಲ್ಲದೆ ದೊರೆಯುತ್ತಿತ್ತು. ಲಂಡನ್ನಿನ ರಿಗ್ಬಿ ಸಂಸ್ಥೆಯವರು ಓಬರ್ನ್‌ಡಾರ್ಫಿನಿಂದ ಮೌಸರ್ ಯಂತ್ರಗಳನ್ನು ತರಿಸಿ, ತಮ್ಮ ನಳಿಗೆ ಮತ್ತು ಮರದ ಕೆಲಸವನ್ನು ಸೇರಿಸಿ, ಬೇಟೆಗೆ ಒಪ್ಪುವ ಹಗುರವಾದ ರೈಫಲುಗಳನ್ನು ಮಾಡಿದರು. 1892ರ ಸುಮಾರಿಗೆ ಮೌಸರ್ ಸಂಸ್ಥೆ ರೂಪಿಸಿದ್ದ 7 ಮಿಲಿಮೀಟರಿನ ತೋಟಾಕ್ಕೆ ಅವರು .275 ರಿಗ್ಬಿ ಎಂದು ಹೆಸರಿಟ್ಟರು. ಭಾರತದಲ್ಲಿ ಸೇನೆಯ .303 ವ್ಯಾಸದ ರೈಫಲುಗಳನ್ನು ಖಾಸಗಿಯವರು ಇಟ್ಟುಕೊಳ್ಳುವುದಕ್ಕೆ ಸರ್ಕಾರದ ನಿರ್ಬಂಧವಿದ್ದುದರಿಂದ ಇಂಥ ಬೇರೆ ವ್ಯಾಸದ ರೈಫಲುಗಳಿಗೆ ಇಲ್ಲಿ ಹೆಚ್ಚಿನ ಬೇಡಿಕೆಯುಂಟಾಯಿತು. ಇದೇ ನಿರ್ಬಂಧದ ಫಲವಾಗಿ, ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಮಾಡಿದ .315 ವ್ಯಾಸದ ಬೋಲ್ಟ್ ರೈಫಲು ಸ್ವಾತಂತ್ರ್ಯಾನಂತರವೂ ನಮ್ಮ ಪರವಾನಗಿದಾರರ ಮನೆಗಳಲ್ಲಿ ಉಳಿದುಬಂದಿದೆ.

ಇನ್ನು ಗುರಿಯ ವಿಷಯ. ಈ ರೈಫಲುಗಳ ಮೇಲೆ ದುರ್ಬೀನು ಇರುತ್ತಿರಲಿಲ್ಲ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ. ಕಣ್ಣಿನ ಕಡೆಗೆ, ನಳಿಗೆಯ ಮೇಲೆಯೇ, ನಡುವೆ ಕಚ್ಚು ಕೊರೆದ ಒಂದು ಪಟ್ಟಿ. ಕಚ್ಚಿನ ನಡುವೆ ಮಣಿಯನ್ನು ಕೂರಿಸಿ, ಮಣಿಯನ್ನು ಮೃಗದ ಮೇಲೆ ಇಟ್ಟು, ಕುದುರೆಯನ್ನು ಮೆಲ್ಲಗೆ ಒತ್ತಬೇಕು. ಹೇಳುವುದಕ್ಕೆ ಇಷ್ಟೆ. ಆದರೆ ಇಲ್ಲಿ ಕಣ್ಣಿಗೆ ಒಂದು ಅಸಾಧ್ಯವಾದ ಕೆಲಸವನ್ನು ಒಪ್ಪಿಸಿದ್ದೇವೆಂಬುದನ್ನು ಗಮನಿಸಬೇಕು. ಕಚ್ಚು ಕಣ್ಣಿನಿಂದ ಒಂದು ಒಂದೂವರೆ ಅಡಿಯಲ್ಲಿದೆ, ಮಣಿ ಮೂರಡಿಯಲ್ಲಿದೆ, ಮೃಗ ನೂರು ಗಜದಲ್ಲಿದೆ. ಕಣ್ಣಿನ ಮಸೂರವಾದರೋ ಒಂದು ಸಲಕ್ಕೆ ಒಂದೇ ದೂರವನ್ನು ಸ್ಫುಟವಾಗಿ ಕಾಣಬಲ್ಲುದು. ಮೂರರಲ್ಲಿ ಎರಡು ಮಸುಕಾಗಲೇಬೇಕು. ಅನುಭವಿಗಳ ತೀರ್ಪು ಇದು: ದೃಷ್ಟಿಯನ್ನು ಮಣಿಯ ಮೇಲೆ ನಿಲ್ಲಿಸಬೇಕು, ಕಚ್ಚು ಸ್ವಲ್ಪ ಮಸುಕಾಗಲಿ, ಮೃಗವೂ ಸ್ವಲ್ಪ ಮಸುಕಾಗಲಿ.

ಹೊಸಬನಿಗೆ ಇದು ವಿಚಿತ್ರವಾಗಿ ತೋರುತ್ತದೆ. ಎದುರಿಗೆ ಹುಲಿಯಿರುವಾಗ ಹುಲಿಯನ್ನು ಬಿಟ್ಟು ಮಣಿಯನ್ನು ನೋಡುವವರಾರು? ಆದರೆ ಲೆಕ್ಕ ಹಾಕಿ ನೋಡೋಣ. ಮಣಿಗೂ ಕಚ್ಚಿಗೂ ನಡುವಣ ಅಂತರ 20 ಅಂಗುಲವೆಂದಿಟ್ಟುಕೊಳ್ಳಿ. ನೂರು ಗಜವೆಂದರೆ 3,600 ಅಂಗುಲ, ಅಂದರೆ ಆ ಅಂತರದ 180 ಪಾಲು. ಮಣಿಯು ಕಚ್ಚಿನ ನಡುವಿನಿಂದ ಒಂದು ಅಂಗುಲದ ಮೂವತ್ತನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿದರೆ ಸಾಕು, ನೂರು ಗಜದಲ್ಲಿ ಗುಂಡು ಆರು ಅಂಗುಲ ಪಕ್ಕಕ್ಕೆ ಬೀಳುತ್ತದೆ. ಸಾಧಾರಣ ಗಾತ್ರದ ಜಿಂಕೆಯ ಹೃದಯ ಶ್ವಾಸಕೋಶಗಳ ಭಾಗವು ಒಂದು ಊಟದ ತಟ್ಟೆಯ ಅಗಲಕ್ಕಿಂತ ದೊಡ್ಡದಲ್ಲ. ಆರು ಅಂಗುಲದ ತಪ್ಪೆಂದರೆ ಗುಂಡು ಎದೆಯನ್ನು ಬಿಟ್ಟು ಹೊಟ್ಟೆಗೆ ಬಿತ್ತೆಂದೇ ಅರ್ಥ. ಮೃಗವು ಮಸುಕಾಗಿ ಕಂಡರೆ ಆಗುವ ತಪ್ಪು ಅಲ್ಪ. ಮಣಿಯು ಮಸುಕಾಗಿ ಕಂಡರೆ ಆಗುವ ತಪ್ಪು 180 ಪಟ್ಟು ಬೆಳೆಯುತ್ತದೆ.

ಮಣಿಯ ಗಾತ್ರದಿಂದಲೂ ಒಂದು ಪಾಠವುಂಟು. ಮಣಿಯ ಅಗಲ ಒಂದು ಅಂಗುಲದ ಹದಿನಾರನೆಯ ಒಂದು ಭಾಗವೆನ್ನೋಣ. ಅದು ಕಣ್ಣಿನಿಂದ 36 ಅಂಗುಲ ದೂರದಲ್ಲಿರುವುದರಿಂದ ನೂರು ಗಜದಲ್ಲಿ ಆರು ಅಂಗುಲಕ್ಕಿಂತ ತುಸು ಹೆಚ್ಚು ಜಾಗವನ್ನು ಮರೆಮಾಡುತ್ತದೆ. ಇನ್ನೂರು ಗಜದಲ್ಲಿ ಒಂದಡಿ. ಮುನ್ನೂರು ಗಜದಲ್ಲಿ ಒಂದೂವರೆ ಅಡಿ. ಅಂದರೆ ದೂರ ಹೆಚ್ಚಿದಂತೆ ಮಣಿಯೇ ಮೃಗವನ್ನು ಮುಚ್ಚಿಬಿಡುತ್ತದೆ. ಬೇಟೆಗಾರನಿಗೆ ತಾನು ಹೊಡೆಯಬೇಕಾದ ಜಾಗವೇ ಕಾಣಿಸದಾದಾಗ ಆ ರೈಫಲು ಮೌನವಾಗಿ, "ಇನ್ನು ಬೇಡ" ಎಂದು ಹೇಳಿದ ಹಾಗೆಯೇ. ವಿವೇಕಿಗಳು ಈ ಮಾತನ್ನು ಕೇಳಿ ಬಂದೂಕನ್ನು ಕೆಳಗಿಳಿಸುತ್ತಿದ್ದರು. ಅವಿವೇಕಿಗಳು ಅದೃಷ್ಟವನ್ನು ನಂಬಿ ಹಾರಿಸುತ್ತಿದ್ದರು.

ಗುಂಡಿನ ದಾರಿಯೂ ದೂರಕ್ಕೆ ತಕ್ಕಂತೆ ಬಾಗುತ್ತದೆ. .275 ರಿಗ್ಬಿಯ 140 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿಯ ವೇಗದಲ್ಲಿ ಹೊರಡುತ್ತದೆ. ಅಷ್ಟು ವೇಗವಿದ್ದರೂ ಭೂಮಿಯ ಆಕರ್ಷಣೆ ಅದನ್ನು ಬಿಡುವುದಿಲ್ಲ. ನಳಿಗೆಯ ನೇರ ರೇಖೆಯಿಂದ ಅದು ನೂರು ಗಜದಲ್ಲಿ ಸುಮಾರು ಎರಡೂವರೆ ಅಂಗುಲ, ಇನ್ನೂರು ಗಜದಲ್ಲಿ ಸುಮಾರು 11 ಅಂಗುಲ, ಮುನ್ನೂರು ಗಜದಲ್ಲಿ ಎರಡಡಿಗಿಂತ ಹೆಚ್ಚು ಇಳಿದಿರುತ್ತದೆ. ಇದಕ್ಕಾಗಿ ಬೇಟೆಯ ರೈಫಲುಗಳಲ್ಲಿ ಕಚ್ಚಿನ ಪಟ್ಟಿಗಳನ್ನು ಒಂದರ ಹಿಂದೊಂದು ಇಡುತ್ತಿದ್ದರು. ಹತ್ತಿರಕ್ಕೆ ಒಂದು ನಿಂತ ಪಟ್ಟಿ. ದೂರಕ್ಕೆ ಬೇಕಾದಾಗ ಎತ್ತಿ ನಿಲ್ಲಿಸುವ, ಹೆಚ್ಚು ಎತ್ತರದ ಮಡಿಸುವ ಪಟ್ಟಿಗಳು.

ಸೇನೆಯ ಹಳೆಯ ರೈಫಲುಗಳನ್ನು ಇದ್ದಂತೆಯೇ ಬೇಟೆಗೆ ಬಳಸುವವರಿಗೆ ಇಲ್ಲಿ ಬೇರೊಂದು ತೊಡಕುಂಟು. ಸೇನೆಯವರು ದೂರದ ಶತ್ರುಪಂಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗುರಿಯನ್ನು ಅಳವಡಿಸಿದ್ದರು. 1898ರ ಜರ್ಮನ್ ಸೇನಾ ರೈಫಲಿನ ಗುರಿಪಟ್ಟಿ ಒಂದು ಕಾಲದಲ್ಲಿ 400 ಮೀಟರಿನಿಂದ ಆರಂಭವಾಗುತ್ತಿತ್ತು. ಸ್ವೀಡನ್ನಿನ ಮೌಸರ್ ರೈಫಲಿನದು 300 ಮೀಟರಿನಿಂದ. ಇಂಥ ರೈಫಲಿನಿಂದ ನೂರು ಮೀಟರಿನಲ್ಲಿ ನಿಂತ ಮೃಗಕ್ಕೆ ನೇರವಾಗಿ ಗುರಿಯಿಟ್ಟರೆ ಗುಂಡು ಬೆನ್ನಿನ ಮೇಲೆಯೇ ಹಾದುಹೋಗಬಹುದು, ಇಲ್ಲವೆ ಬೆನ್ನನ್ನು ಸೀಳಿ ಗಾಯ ಮಾಡಬಹುದು. ತನ್ನ ರೈಫಲು ಎಷ್ಟು ದೂರದಲ್ಲಿ ಎಲ್ಲಿಗೆ ಹೊಡೆಯುತ್ತದೆಂಬುದನ್ನು ಹಲಗೆಯ ಮೇಲೆ ಕಾಗದವಂಟಿಸಿ ಪರೀಕ್ಷಿಸದೆ ಕಾಡಿಗೆ ಹೋಗುವವನು ತಕ್ಕಡಿಯನ್ನು ನೋಡದೆ ತೂಗುವ ವರ್ತಕನಂತೆ.

ಬೆಳಕೂ ಮೋಸ ಮಾಡುತ್ತದೆ. ಬಿಸಿಲು ಎಡಗಡೆಯಿಂದ ಬಿದ್ದಾಗ ಗುಂಡನೆಯ ಮಣಿಯ ಎಡಭಾಗ ಹೊಳೆಯುತ್ತದೆ, ಬಲಭಾಗ ಕತ್ತಲಲ್ಲಿ ಕರಗುತ್ತದೆ. ಕಣ್ಣು ಹೊಳೆಯುವ ಭಾಗವನ್ನೇ ಇಡೀ ಮಣಿಯೆಂದು ಭ್ರಮಿಸಿ ಅದನ್ನು ಕಚ್ಚಿನ ನಡುವೆ ತರುತ್ತದೆ. ಆಗ ನಿಜವಾದ ಮಣಿ ಬಲಕ್ಕೆ ಸರಿದು ಗುಂಡೂ ಬಲಕ್ಕೆ ಹೋಗುತ್ತದೆ. ಇದನ್ನು ತಪ್ಪಿಸಲು ಮಣಿಯ ಮುಖವನ್ನು ಚಪ್ಪಟೆಯಾಗಿ ಉಜ್ಜುವುದೂ ಅದರ ಮೇಲೆ ಲೋಹದ ಕೊಡೆ ಹಾಕುವುದೂ ರೂಢಿಯಲ್ಲಿದ್ದುವು. ಮುಸ್ಸಂಜೆಯ ಬೇಟೆಗೆ, ಬೇಕಾದಾಗ ಎತ್ತಿ ನಿಲ್ಲಿಸುವ ದೊಡ್ಡ ಬಿಳಿಯ ದಂತದ ಮಣಿಯನ್ನೂ ಕೆಲವು ರೈಫಲುಗಳಿಗೆ ಜೋಡಿಸುತ್ತಿದ್ದರು. ವಯಸ್ಸಿಗೂ ಇಲ್ಲಿ ಪಾಲುಂಟು. ನಲವತ್ತು ದಾಟಿದವರ ಕಣ್ಣಿನ ಮಸೂರ ಬಿರುಸಾಗಿ, ಪುಸ್ತಕವನ್ನು ಕೈಚಾಚಿ ಹಿಡಿದು ಓದುವ ಹಾಗಾದಾಗ, ಮಣಿಯೂ ಕಚ್ಚೂ ಮಸುಕಾಗತೊಡಗುತ್ತವೆ. ಇಂಥವರು ಕಚ್ಚಿಗೆ ಬದಲಾಗಿ ಸಣ್ಣ ರಂಧ್ರವುಳ್ಳ ಬಿಲ್ಲೆಯನ್ನು ಕಣ್ಣಿನ ಬಳಿ ಕೂರಿಸಿಕೊಳ್ಳುತ್ತಿದ್ದರು. ಸೂಜಿರಂಧ್ರದ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗುವುದನ್ನು ತಾವೂ ಕಾಗದವೊಂದನ್ನು ಚುಚ್ಚಿ ಪರೀಕ್ಷಿಸಬಹುದು.

ಇಷ್ಟು ಮಿತಿಗಳಿದ್ದ ಆಯುಧದಿಂದ ಕೆಲಸ ಸಾಧಿಸಿದವರು ಆ ಮಿತಿಗಳನ್ನು ಬಲ್ಲವರು. ಆಫ್ರಿಕದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದನು. ಅವುಗಳಲ್ಲಿ ಬಹುಪಾಲು ಇದೇ 7 ಮಿಲಿಮೀಟರಿನ ಸಣ್ಣ ಗುಂಡಿನಿಂದ. ಈ ಸಂಖ್ಯೆಯನ್ನು ಕೇಳಿ ಇಂದು ನಮಗೆ ವ್ಯಥೆಯಾಗುವುದು ಸಹಜ. ಅವನ ವಿಧಾನ ಮಾತ್ರ ಗಮನಾರ್ಹವಾದುದು. ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆಯೆಂದು ನೋಡಿ ತಿಳಿದು, ಹತ್ತಿರಕ್ಕೆ ಹೋಗಿ, ಆ ಒಂದು ಸ್ಥಾನಕ್ಕೇ ಹೊಡೆಯುತ್ತಿದ್ದನು. ಗುಂಡಿನ ಗಾತ್ರಕ್ಕಿಂತ ಅದು ತಾಗುವ ಸ್ಥಳವೇ ಮುಖ್ಯವೆಂಬುದಕ್ಕೆ ಇದು ದೃಷ್ಟಾಂತ.

ಈಗ ಮೊದಲು ಹೇಳಿದ ಸಂಬಂಧಕ್ಕೆ ಬರೋಣ. 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ಟರು ಒಂದು ನರಭಕ್ಷಕ ಹೆಣ್ಣುಹುಲಿಯನ್ನು ಕೊಂದರು. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಅದು ಒಟ್ಟು 436 ಮಂದಿಯನ್ನು ಕೊಂದಿತ್ತೆಂದು ಅವರೇ ಬರೆದಿದ್ದಾರೆ. ಸುಮಾರು ಮುನ್ನೂರು ಮಂದಿ ಹಳ್ಳಿಗರು ಗದ್ದಲವೆಬ್ಬಿಸಿ ಅದನ್ನು ಕಾಡಿನಿಂದ ಹೊರಡಿಸಿದರು. ಕಾರ್ಬೆಟ್ಟರ ಬಳಿ ಇದ್ದುದು ಮೂರೇ ತೋಟಾಗಳು. ಅವು ತೀರಿದ ಮೇಲೆ ಅವರು ತಹಶೀಲ್ದಾರರ ಹಳೆಯ ಕೋವಿಯನ್ನು ಇಸಿದುಕೊಂಡು ಗಾಯಗೊಂಡ ಹುಲಿಯ ಬಳಿಗೆ ಹೋದರು. ತೆರೆದ ಬಾಯಿಗೆ ಗುರಿಯಿಟ್ಟರು. ಗುಂಡು ತಾಗಿದ್ದು ಮುಂಗಾಲಿನ ಪಂಜಕ್ಕೆ. ಹುಲಿಯು ಮೊದಲಿನ ಗಾಯಗಳಿಂದಲೇ ಸಾಯುವ ಸ್ಥಿತಿಯಲ್ಲಿದ್ದುದರಿಂದ ಅವರು ಉಳಿದರು. ಕೆಲವೇ ಹೆಜ್ಜೆಗಳ ಅಂತರದಲ್ಲಿ ಕೂಡ, ಗುರಿ ಸರಿಯಿಲ್ಲದ ಕೋವಿ ಏನು ಮಾಡಬಲ್ಲುದೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಹೆಚ್ಚು ಮುಖ್ಯವಾದ ಸಂಗತಿ ಅನಂತರ ಹೊರಬಿತ್ತು. ಸತ್ತ ಹುಲಿಯ ಬಾಯನ್ನು ಪರೀಕ್ಷಿಸಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದುವು. ಅದು ಹಳೆಯದೊಂದು ಗುಂಡೇಟಿನ ಫಲವೆಂದೂ, ಆ ಹಲ್ಲುಗಳನ್ನು ಕಳೆದುಕೊಂಡು ತನ್ನ ಸಹಜವಾದ ಬೇಟೆಯನ್ನು ಕೊಲ್ಲಲಾರದೆ ಹುಲಿಯು ಮನುಷ್ಯರ ಕಡೆಗೆ ತಿರುಗಿತೆಂದೂ ಕಾರ್ಬೆಟ್ಟರು ನಿರ್ಣಯಿಸಿದರು. 1938ರಲ್ಲಿ ಅವರು ಕೊಂದ ಠಾಕ್ ಹಳ್ಳಿಯ ಹೆಣ್ಣುಹುಲಿಯ ಮೈಯಲ್ಲಿಯೂ ಹಳೆಯ ಗುಂಡೇಟಿನ ಗಾಯಗಳಿದ್ದುವು. ಎಲ್ಲ ನರಭಕ್ಷಕಗಳಿಗೂ ಇದೇ ಕಾರಣವೆಂದಲ್ಲ. ಮುಳ್ಳುಹಂದಿಯ ಮುಳ್ಳುಗಳೂ ಮುಪ್ಪೂ ಹುಲಿಯನ್ನು ಅಸಹಾಯಗೊಳಿಸುತ್ತವೆಂದು ಅವರು ತೋರಿಸಿದ್ದಾರೆ. ಆದರೆ ಅಜಾಗರೂಕತೆಯಿಂದ ಹಾರಿಸಿದ ಗುಂಡು, ಅದಕ್ಕಿಂತ ಹೆಚ್ಚಾಗಿ ಗಾಯಗೊಂಡ ಮೃಗವನ್ನು ಹಿಂಬಾಲಿಸಿ ಕೊನೆಗಾಣಿಸದೆ ಬಿಟ್ಟುಬರುವುದು, ಇವುಗಳಿಗೆ ಅವರ ಗ್ರಂಥಗಳಲ್ಲಿ ಕ್ಷಮೆಯಿಲ್ಲ. ಮಣಿಯು ಕಚ್ಚಿನಲ್ಲಿ ಎಳ್ಳಿನಷ್ಟು ಸರಿದುದರ ಋಣವನ್ನು, ಹಾರಿಸಿದವನು ಮನೆಗೆ ಹೋದ ಎಷ್ಟೋ ದಿನಗಳ ಮೇಲೆ, ಅವನನ್ನು ಕಂಡರಿಯದ ಹಳ್ಳಿಯವರು ತೀರಿಸುತ್ತಿದ್ದರು.

ಚಂಪಾವತದ ಕೆಲಸಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟೆನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ಟರು ಕಾರ್ಬೆಟ್ಟರಿಗೆ .275 ರಿಗ್ಬಿ ಬೋಲ್ಟ್ ರೈಫಲೊಂದನ್ನು ಬಹುಮಾನವಾಗಿ ಕೊಟ್ಟರು. ಅದರ ಮರದಲ್ಲಿ ಬೆಳ್ಳಿಯ ತಗಡಿನ ಮೇಲೆ ಈ ವಿಷಯವನ್ನು ಕೆತ್ತಿಸಲಾಗಿತ್ತು. ಎಂಟು ವರ್ಷಗಳಲ್ಲಿ 125 ಮಂದಿಯನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಯನ್ನು ಕಾರ್ಬೆಟ್ಟರು 1926ರ ಮೇ ತಿಂಗಳಲ್ಲಿ ಕೊಂದುದು .275 ರೈಫಲಿನಿಂದಲೇ. ಮಾವಿನ ಮರದ ಅಟ್ಟಣೆಯಲ್ಲಿ ಕುಳಿತಿದ್ದ ಅವರು ಕಟ್ಟಿದ ಮೇಕೆಯ ಕೊರಳ ಗಂಟೆ ಅಲುಗಿದೊಡನೆ ನಳಿಗೆಗೆ ಬಿಗಿದಿದ್ದ ಟಾರ್ಚಿನ ಗುಂಡಿಯನ್ನೊತ್ತಿದರು. ಆ ಬೆಳಕಿನಲ್ಲಿ ಮಣಿಯು ಚಿರತೆಯ ಭುಜದ ಮೇಲೆಯೇ ನಿಂತಿತ್ತು. ಗುಂಡು ಹಾರಿತು, ಟಾರ್ಚೂ ಆರಿತು. ಫಲವೇನೆಂದು ಸ್ಪಷ್ಟವಾಗುವುದಕ್ಕೆ ಬೆಳಗಾಗಬೇಕಾಯಿತು.

1930ರಲ್ಲಿ ಚೌಗಢದ ಹೆಣ್ಣುಹುಲಿಯು ಬಂಡೆಯ ಮರೆಯಲ್ಲಿ ಎಂಟಡಿಯ ಅಂತರದಲ್ಲಿ ಎದುರಾದಾಗ ಅವರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದುವು. ಹುಲಿಯು ಬೆದರದಂತೆ ರೈಫಲನ್ನು ಬಲಗೈಯೊಂದರಿಂದಲೇ ಅತಿ ನಿಧಾನವಾಗಿ ಅದರ ಕಡೆಗೆ ತಿರುಗಿಸಿ ಹಾರಿಸಿದರು. ಅಲ್ಲಿ ಮಣಿಗೂ ಕಚ್ಚಿಗೂ ಕೆಲಸವಿರಲಿಲ್ಲ. ರೈಫಲಿನ ತೂಕವೂ ಕೈಯ ವರ್ಷಗಳ ಅಭ್ಯಾಸವೂ ಆ ಕೆಲಸವನ್ನು ಮಾಡಿದುವು. ದೂರದ ಹೊಡೆತಕ್ಕಿಂತ ಹತ್ತಿರದ ಹೊಡೆತ ಸುಲಭವೆಂದು ಭಾವಿಸುವವರು ಈ ಪ್ರಸಂಗವನ್ನು ನೆನೆಯಬೇಕು.

ಇಂದು ದುರ್ಬೀನು ಬಂದಿದೆ. ಅದರಲ್ಲಿ ಗುರಿಯ ಗೆರೆಯೂ ಮೃಗವೂ ಒಂದೇ ತಲದಲ್ಲಿ ಕಾಣುವುದರಿಂದ ಕಣ್ಣಿನ ಸಂಕಟ ನೀಗಿತು. ಮೃಗವೂ ದೊಡ್ಡದಾಗಿ ತೋರುತ್ತದೆ. ಗಾಯ ಮಾಡದೆ ಕೊಲ್ಲುವುದಕ್ಕೆ ಇದು ಸಹಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೂರವನ್ನು ಹತ್ತಿರವೆಂದು ತೋರಿಸುವ ಯಂತ್ರವು ಹಾರಿಸಬಾರದ ದೂರದಲ್ಲಿ ಹಾರಿಸುವ ಆಸೆಯನ್ನೂ ಹುಟ್ಟಿಸುತ್ತದೆ. ಬೇಟೆಯು ಇನ್ನೂ ನಿಯಮಬದ್ಧವಾಗಿ ನಡೆಯುವ ನಾರ್ವೆಯಲ್ಲಿ ದೊಡ್ಡ ಮೃಗಗಳ ಬೇಟೆಗೆ ಹೋಗುವವರು ಪ್ರತಿವರ್ಷವೂ ನೂರು ಮೀಟರಿನ ಗುರಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಐದು ಗುಂಡುಗಳೂ ಗೊತ್ತಾದ ವಲಯದೊಳಗೇ ಬೀಳಬೇಕು. ಯಾವ ಗುರಿಸಾಧನವಾದರೂ ಆಗಲಿ, ಕೈ ಕಣ್ಣುಗಳ ಪರೀಕ್ಷೆ ಮೊದಲು ಎಂಬುದೇ ಅಲ್ಲಿನ ಕಾನೂನಿನ ಭಾವ.

ನಮ್ಮ ನಾಡಿನಲ್ಲಿ ಮಣಿ ಕಚ್ಚುಗಳ ಕಲೆ ಪೂರ್ತಿಯಾಗಿ ಅಳಿದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಪೂಜಿಸಿ, ದೂರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ತಪ್ಪಿದ ಗುಂಡಿನಿಂದ ಅಲ್ಲಿ ಯಾರಿಗೂ ಕೇಡಿಲ್ಲ. ಮೈಸೂರು ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಒಂದಾಯಿತು. ಆ ಯೋಜನೆಯ ಉದ್ಘಾಟನೆ ನಡೆದುದು ಕಾರ್ಬೆಟ್ಟರ ಹೆಸರನ್ನು ಹೊತ್ತ ಹಿಮಾಲಯದ ತಪ್ಪಲಿನ ಉದ್ಯಾನದಲ್ಲಿ. ಕಾರ್ಬೆಟ್ಟರೇ ತಮ್ಮ ಉತ್ತರ ವಯಸ್ಸಿನಲ್ಲಿ ನರಭಕ್ಷಕಗಳ ಹೊರತು ಮಿಕ್ಕ ಹುಲಿಗಳ ಮೇಲೆ ರೈಫಲನ್ನೆತ್ತುವುದನ್ನು ಬಿಟ್ಟು ಚಲನಚಿತ್ರದ ಕ್ಯಾಮರಾವನ್ನು ಹಿಡಿದು ಹಳ್ಳದ ದಡದಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. ಹತ್ತಿರಕ್ಕೆ ಹೋಗುವುದು, ಬೆಳಕು ಬರುವವರೆಗೆ ತಾಳುವುದು, ಸ್ಪಷ್ಟವಾಗಿ ಕಾಣದಿದ್ದರೆ ಬೆರಳನ್ನು ಒತ್ತದಿರುವುದು, ಇವೆಲ್ಲವನ್ನೂ ಅವರು ಹಳೆಯ ರೈಫಲಿನಿಂದಲೇ ಕಲಿತಿದ್ದರು. ಹೊಸ ಕೆಲಸಕ್ಕೂ ಅವೇ ಸಾಕಾದುವು.